ಹತ್ತೊಂಬತ್ತು ದಿನದ ಹೆಂಡತಿ

ಒಡಪು ಹೇಳುವುದರಲ್ಲಿ ನಮ್ಮ ಬಳಗದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಕೂಸಿನ ತೊಟ್ಟಿಲಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ 'ಹೆಸರ ಹೇಳು, ಹೆಸರ ಹೇಳು' ಎಂದು ಗಂಟುಬಿದ್ದಾಗ ಎರಡು ಸಾಲು ಪ್ರಾಸ ಕಟ್ಟಿ, ಕೊನೆಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಹೆಚ್ಚಿನವರು ಅವ್ವ ಕಲಿಸಿದ ಒಂದೇ ಒಡಪನ್ನು ಜೀವನವಿಡೀ ಹೇಳುತ್ತಾರೆ. ನಾನು ನಿಂತ ಕಾಲ ಮೇಲೆ ಹೊಸದು ಕಟ್ಟುತ್ತಿದ್ದೆ. ಮದುವೆಯಾಗಿ ಹೊರ್ತಿಯಿಂದ ಸಿಂದಗಿಗೆ ಬಂದ ದಿನ ಹೊಸ್ತಿಲಲ್ಲಿ ನಿಂತು, 'ನಿಂಬಿ ತೋಟ ಬಿಟ್ಟ ಬಂದೇನಿ, ಹಿಂದ ತಿರುಗಿ ನೋಡಲಿಲ್ಲ, ಸುಟ್ಟ ಮೋಟಾರಿಗೆ ಜೀವಾ ಕೊಡವರು ಕೈ ಹಿಡದಾರ, ನನಗ್ಯಾವ ಹೆದರಿಕಿ ಇಲ್ಲ' ಎಂದು ಹೇಳಿ ಹೆಸರು ಸೇರಿಸಿದಾಗ ಅತ್ತೆ, 'ಸಾಲಿ ಕಲಸಾಕಿನ್ನ ತಂದೇವಿ ಅಂತ ಮಾಡಿದ್ನಿ, ನಾಟಕದಾಕಿನ್ನ ತಂದೇವಲ್ಲಪಾ' ಎಂದು ನಕ್ಕಿದ್ದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನಾನು ಮಾಡಿದ್ದು ಸಾಕು.

ನನ್ನ ಗಂಡನದು ಸಿಂದಗಿಯ ಬಜಾರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಯವರು ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರು ತಂದಿಟ್ಟರೆ, ಒಳಗಿನ ಕರಕಲು ತಂತಿ ಕಿತ್ತುಹಾಕಿ ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಸುತ್ತು ಎಣಿಸುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತದೆ ಎಂದು ಅಂಗಡಿಯಲ್ಲಿ ಸುಮ್ಮನಿರುವುದು ರೂಢಿಯಾಗಿ, ಮನೆಯಲ್ಲೂ ಸುಮ್ಮನೇ ಇರುತ್ತಿದ್ದರು. ನಾನು ಯಂಕಂಚಿಯ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ನನ್ನದು ಬಾಯಿಯ ಕಸುಬು. ಒಬ್ಬಳೇ ಮಗಳು ವಸತಿ ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಗೋಡೆ ತೆಳು, ಅತ್ತೆಯ ಕಿವಿ ಚುರುಕು. ನನ್ನ ಕೈ ಹಿಡಿಯುವ ಮೊದಲು ನನ್ನ ಗಂಡ ಒಮ್ಮೆ ಮೆಲ್ಲಗೆ ಕೆಮ್ಮುತ್ತಿದ್ದರು, ಬೀಗರ ಮನೆಯೊಳಗೆ ಕಾಲಿಡುವವರ ಹಾಗೆ. ನನಗೆ ನಗು ಬರುತ್ತಿತ್ತು. ಆ ಕೆಮ್ಮು ಕೇಳಿದರೆ ಮೈ ಬೆಚ್ಚಗಾಗುತ್ತಿತ್ತು ಎನ್ನುವುದೂ ನಿಜ. ಹದಿಮೂರು ವರ್ಷ ನಮ್ಮ ಸಂಸಾರ ಹೀಗೆ, ಸದ್ದಿಲ್ಲದೆ, ಚೆನ್ನಾಗಿಯೇ ನಡೆದಿತ್ತು.

ಒಂದು ವರ್ಷ ಯುಗಾದಿ ಹತ್ತಿರ ಬಂದಾಗ ನನಗೆ ನಿದ್ದೆ ಬೇಡವಾಯಿತು. ಎರಡು ತಾಸು ಮಲಗಿದರೆ ಸಾಕು, ಎದ್ದು ಮನೆಯ ಭಾಂಡೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಶಾಲೆಯಲ್ಲಿ ಮೂರು ತರಗತಿಯ ಪಾಠ ಒಬ್ಬಳೇ ಮಾಡಿದೆ, ಗೋಡೆಗೆ ಬಣ್ಣದ ಚಿತ್ರ ಬರೆದೆ. ಹೆಡ್‌ಮಾಸ್ತರು, 'ಅಕ್ಕೋರ, ನಿಮ್ಮಂಥವರು ಇನ್ನೊಬ್ಬರಿದ್ದರ ನಮ್ಮ ಸಾಲಿ ಎಲ್ಲೋ ಹೋಗತಿತ್ರಿ' ಎಂದರು. ಯಾರಿಗೂ ಅದು ರೋಗ ಎನ್ನಿಸಲಿಲ್ಲ. ಹೆಣ್ಣುಮಗಳು ಹೆಚ್ಚು ಕೆಲಸ ಮಾಡಿದರೆ ಅದನ್ನು ರೋಗ ಎನ್ನುವವರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಅದರ ಜೊತೆಗೆ ಬಂದದ್ದನ್ನು ಬರೆಯಲು ಆರು ಸಲ ಕೂತು ಎದ್ದಿದ್ದೇನೆ. ನನಗೆ ನನ್ನ ಗಂಡ ಬೇಕಾದರು. ಬೆಳಿಗ್ಗೆ ಬೇಕಾದರು, ಅಂಗಡಿಗೆ ಹೋಗುವ ಹೊತ್ತಿಗೆ ಬೇಕಾದರು, ಊಟಕ್ಕೆ ಬಂದಾಗ ತಾಟಿನ ಮುಂದಿನಿಂದ ಎಬ್ಬಿಸಿದೆ. ಅತ್ತೆ ಪಡಸಾಲೆಯಲ್ಲಿ ಕೂತು ಬೇಳೆ ಹಸನು ಮಾಡುತ್ತಿದ್ದಾಗಲೇ ಕೋಣೆಯ ಬಾಗಿಲು ಹಾಕಿದೆ. ಮೊದಲ ಎರಡು ಮೂರು ದಿನ ಅವರಿಗೆ ಖುಷಿಯೇ ಆಗಿತ್ತು, ನಾನು ನೋಡಿದ್ದೇನೆ, ಅಂಗಡಿಗೆ ಹೋಗುವಾಗ ಸಿಳ್ಳೆ ಹಾಕುತ್ತ ಹೋದರು. ಆಮೇಲೆ ಹೆದರಿದರು. ನಾನು ಕೇಳುತ್ತಿರಲಿಲ್ಲ, ಹಟ ಮಾಡುತ್ತಿದ್ದೆ. ಬೇಡವೆಂದರೆ ಬಯ್ಯುತ್ತಿದ್ದೆ. ಗಂಡಸಿಗೆ ಹೇಳಬಾರದ ಮಾತುಗಳನ್ನು ಹೇಳುತ್ತಿದ್ದೆ. ಅದೇ ಮಾತುಗಳನ್ನು ಒಬ್ಬ ಗಂಡಸು ಹೆಂಡತಿಗೆ ಹೇಳಿದ್ದರೆ, ಹಾಗೆ ಹಟ ಮಾಡಿದ್ದರೆ, ಅವನನ್ನು ಏನೆನ್ನುತ್ತಿದ್ದೆನೋ ಅದನ್ನೇ ಈಗ ನನ್ನನ್ನು ಅಂದುಕೊಳ್ಳುತ್ತೇನೆ.

ಒಂದು ದಿನ ಹನ್ನೊಂದು ಗಂಟೆಗೆ ಮಕ್ಕಳಿಗೆ ಮಗ್ಗಿ ಬರೆಯಲು ಹಚ್ಚಿ, ಯಂಕಂಚಿಯಿಂದ ಬಸ್ಸು ಹತ್ತಿ, ನೇರ ಅವರ ಅಂಗಡಿಗೆ ಹೋದೆ. ತಾಂಬಾ ಕಡೆಯ ನಾಲ್ಕು ಮಂದಿ ರೈತರು ಮೋಟಾರಿಗಾಗಿ ಕಾದು ಕೂತಿದ್ದರು. 'ಮನಿಗೆ ನಡೀರಿ' ಎಂದೆ. 'ಅವ್ವಗ ಏನರ ಆತೇನು?' ಎಂದು ಗಾಬರಿಯಿಂದ ಎದ್ದರು. 'ಅವ್ವಗ ಏನಾಗಿಲ್ಲ, ನನಗ ಆಗೇತಿ' ಎಂದು ನಕ್ಕು ಅವರ ಅಂಗಿಯ ತೋಳು ಹಿಡಿದು ಎಳೆದೆ. ರೈತರಲ್ಲಿ ಒಬ್ಬ ಟಾವೆಲಿನಿಂದ ಬಾಯಿ ಮುಚ್ಚಿಕೊಂಡ. ಅವರು ನನ್ನ ಕೈ ಬಿಡಿಸಿ, 'ನಡಿ, ಬಸ್ಸಿಗೆ ಕೂಡಸ್ತೇನಿ' ಎಂದು ಬಸ್ ಸ್ಟ್ಯಾಂಡಿನವರೆಗೆ ಬಂದರು. ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಮಾರನೆಯ ದಿನದಿಂದ ಹಾಸಿಗೆ ಸುತ್ತಿಕೊಂಡು ಅಂಗಡಿಯಲ್ಲೇ ಮಲಗಲು ಶುರುಮಾಡಿದರು. ಅದಕ್ಕೂ ಮೊದಲು, ಒಂದು ಮುಂಜಾನೆ, ಮಂಚದ ತುದಿಗೆ ಕೂತು ಅವರು ಅತ್ತಿದ್ದರು. 'ನನ್ನ ಕೈಲೆ ಆಗವಲ್ದು, ನೀ ನನ್ನ ಮನಷ್ಯಾ ಅಂತ ನೋಡವಲ್ಲಿ' ಎಂದಿದ್ದರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ನೋಡಿ ಏನೂ ಅನ್ನಿಸಲಿಲ್ಲ.

ಅದೇ ತಿಂಗಳು ನನ್ನ ನಾದಿನಿಯ ಕುಬಸ ಬಂತು. ಅವಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಹಸಿರು ಸೀರೆ, ಹಸಿರು ಬಳೆ, ಬುತ್ತಿ ಕಟ್ಟಿಕೊಂಡು ಒಂದು ಜೀಪು ತುಂಬ ನಮ್ಮ ಕಡೆಯವರು ಹೋದೆವು. ಬಸುರಿಗೆ ಆರತಿ ಮಾಡಿ, ಉಡಿ ತುಂಬಿ, ಊಟಕ್ಕೆ ಎಲೆ ಹಾಕುವ ಮೊದಲು ಹೆಂಗಸರು ಒಡಪಿಗೆ ಕೂತರು. ನನ್ನ ಗಂಡ ಮತ್ತು ಉಳಿದ ಗಂಡಸರು ಹೊರಗೆ ಅಂಗಳದ ಪೆಂಡಾಲಿನಲ್ಲಿ ಚಹಾ ಕುಡಿಯುತ್ತಿದ್ದರು. ನಡುವೆ ಇದ್ದದ್ದು ಒಂದು ತೆರೆದ ಬಾಗಿಲು. ಕುಬಸದ ಒಡಪಿನಲ್ಲಿ ಸ್ವಲ್ಪ ಹಾಸಿಗೆಯ ಮಾತು ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮುದುಕಿಯರೇ ಮುಂದೆ ಬಿದ್ದು ಹೇಳಿಸುತ್ತಾರೆ, ಬಾಯಿಗೆ ಸೆರಗು ಇಟ್ಟು ನಗುತ್ತಾರೆ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದು ಮಾತ್ರ ಹೇಳುವವಳಿಗೆ ಗೊತ್ತಿರಬೇಕು.

'ಸಿಂದಗಿ ಅಕ್ಕೋರು ಹೇಳ್ಲಿ' ಎಂದು ಯಾರೋ ಕೂಗಿದರು. ನಾನು ಎದ್ದು ನಿಂತೆ. ಮೊದಲನೆಯದಕ್ಕೆ ನಕ್ಕರು. ಎರಡನೆಯದಕ್ಕೆ ಚಪ್ಪಾಳೆ ತಟ್ಟಿದರು. ಮೂರು, ನಾಲ್ಕು. ನನಗೆ ಪ್ರಾಸ ಹುಡುಕುವುದೇ ಬೇಕಾಗಿರಲಿಲ್ಲ, ತಾವಾಗಿಯೇ ನುಗ್ಗಿ ಬರುತ್ತಿದ್ದವು. 'ಸಾಕ ಬಿಡವಾ, ಉಳಿದವರು ಹೇಳ್ಲಿ' ಎಂದು ಅತ್ತೆ ನನ್ನ ಸೆರಗು ಜಗ್ಗಿದರು. ನಾನು ಸೆರಗು ಬಿಡಿಸಿಕೊಂಡೆ. ಆರನೆಯ ಒಡಪಿನಲ್ಲಿ, ನನ್ನ ಗಂಡ ಹೆಂಡತಿಗೆ ಅಂಜಿ ಅಂಗಡಿಯಲ್ಲಿ ಮಲಗುತ್ತಾರೆ ಎಂದು ಹೇಳಿದೆ. ನಗು ಅರ್ಧಕ್ಕೆ ನಿಂತಿತು. ಏಳನೆಯದರಲ್ಲಿ ಅವರು ಮಂಚದ ತುದಿಗೆ ಕೂತು ಅತ್ತದ್ದನ್ನು ಹೇಳಿದೆ. ಯಾತಕ್ಕೆ ಅತ್ತರು ಎನ್ನುವುದನ್ನೂ ಹೇಳಿದೆ. ಪ್ರಾಸ ಚೆನ್ನಾಗಿ ಕೂತಿತ್ತು. ಕೊನೆಗೆ, ಪೆಂಡಾಲಿಗೂ ಕೇಳುವ ಹಾಗೆ, ಹೆಸರು ಹೇಳಿದೆ.

ಹಸಿರು ಬಳೆ ತೊಟ್ಟು ಕೂತಿದ್ದ ನಾದಿನಿ, 'ವೈನಿ, ಕೈ ಮುಗೀತೇನ್ರಿ, ಸಾಕ ಮಾಡ್ರಿ' ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಹೊರಗಿನಿಂದ ಒಬ್ಬ ಗಂಡಸಿನ ದನಿ, 'ಮೇಸ್ತ್ರಿಗೇ ವೈಂಡಿಂಗ್ ಮಾಡಸ್ಬೇಕಾಗೇತಲ್ಲೋ' ಎಂದಿತು. ಪೆಂಡಾಲು ಗೊಳ್ಳೆಂದಿತು. ನಾನೂ ಅವರ ಜೊತೆಗೆ ನಕ್ಕೆ. ಆ ಹೊತ್ತು ನನ್ನ ಮಾತಿಗೆ ಇಷ್ಟು ಜನ ನಗುತ್ತಿದ್ದಾರಲ್ಲ ಎಂದು ಹಿಗ್ಗಿದ್ದೆ.

ನನ್ನ ಗಂಡ ಊಟ ಮಾಡಲಿಲ್ಲ. ತಂಗಿಯ ಮನೆಯ ಕುಬಸದಲ್ಲಿ ಅಣ್ಣ ಉಣ್ಣದೆ ಎದ್ದು ಹೋಗಬಾರದು, ಅದಕ್ಕೆ ಎಲೆಯ ಮುಂದೆ ಕೂತು ಹೋಳಿಗೆಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಎದ್ದರಂತೆ. ತಿರುಗಿ ಬರುವಾಗ ಜೀಪಿನಲ್ಲಿ ನಾನೊಬ್ಬಳೇ ಮಾತಾಡಿದೆ, ಬಸವನ ಬಾಗೇವಾಡಿಯವರೆಗೂ ಮಾತಾಡಿದೆ, ಅಲ್ಲಿಂದ ಸಿಂದಗಿಯವರೆಗೂ ಮಾತಾಡಿದೆ.

ಆಮೇಲೆ ಇಳಿಯುವ ಕಾಲ ಬಂತು. ಏಳಲಾಗದೆ, ತಲೆ ಬಾಚಲಾಗದೆ, ಬಾಯಿ ತೆರೆಯಲಾಗದೆ ಬಿದ್ದುಕೊಂಡೆ. ಅತ್ತೆ ನನ್ನ ತವರಿಗೆ ಹೇಳಿಕಳಿಸಿದರು, ಅಣ್ಣ ಬಂದು ಹೊರ್ತಿಗೆ ಕರೆದುಕೊಂಡು ಹೋದ. ಏರಿನಲ್ಲಿದ್ದಾಗ ಮನುಷ್ಯರಿಗೆ ನಾಚಿಕೆ ಎನ್ನುವುದು ಇರುವುದಿಲ್ಲ, ಇಳಿದ ಮೇಲೆ ಅಷ್ಟೂ ದಿನದ್ದು ಒಮ್ಮೆಲೇ ಬರುತ್ತದೆ. ಹೊರ್ತಿಯ ಮನೆಯ ಹಿತ್ತಲ ಕೋಣೆಯಲ್ಲಿ, ಇಂಡಿ ಊರಿನ ಪೇಟೆಗೆ ಕಳಿಸಲು ತುಂಬಿಟ್ಟ ನಿಂಬೆಯ ಚೀಲಗಳ ಪಕ್ಕ ಮಲಗಿ, ಆ ಏಳನೆಯ ಒಡಪನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಮರೆಯಬೇಕೆಂದಷ್ಟೂ ಬರುತ್ತಿತ್ತು. ಅವ್ವ ನನ್ನನ್ನು ದೇವರ ಹೇಳುವವರ ಹತ್ತಿರ ಕರೆದೊಯ್ದಳು, ಅವರು 'ಗಾಳಿ ಸೋಕೇತಿ' ಎಂದರು. ನಾನು ತಲೆಯಾಡಿಸಿದೆ. ಗಾಳಿಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು, ತಪ್ಪು ಗಾಳಿಯ ಮೇಲೆ ಹೋಗುತ್ತಿತ್ತು.

ನನ್ನ ಗಂಡ ಬರುವುದಿಲ್ಲ ಎಂದುಕೊಂಡಿದ್ದೆ. ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬಂದರು. ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, 'ತಾಂಬಾದ ಒಬ್ಬ ರೈತ ಹೇಳ್ದ. ಅವನ ಮಗಳಿಗೂ ಹಿಂಗs ಆಗಿತ್ತಂತ. ಬಾಗೇವಾಡಿಗೆ ತಿಂಗಳಿಗೊಮ್ಮಿ ತಲಿ ಡಾಕ್ಟರ್ ಬಾಯಿ ಬರ್ತಾರಂತ, ಗುಳಿಗಿ ಕೊಟ್ಟಾರಂತ, ಆರಾಮ ಆಗ್ಯಾಳಂತ' ಎಂದರು. ಇಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. 'ಸಿಂದಗಿಯೊಳಗs ಯಾರಿಗರ ತೋರಸ್ಬಹುದಲ್ರಿ' ಎಂದೆ. 'ಸಿಂದಗಿಯೊಳಗ ಬ್ಯಾಡ' ಎಂದರು.

ಬಾಗೇವಾಡಿಯಲ್ಲಿ ನಮ್ಮನ್ನು ಬಲ್ಲವರು ಯಾರೂ ಇಲ್ಲ ಎನ್ನುವುದೇ ಧೈರ್ಯ. ದವಾಖಾನೆಯ ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ನೋಡಿದರೆ ನಮ್ಮದೇ ಓಣಿಯ ಕಿರಾಣಿ ಅಂಗಡಿಯ ಹೆಂಗಸು ಗಂಡನೊಡನೆ ಕೂತಿದ್ದರು. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. 'ಬಸವಣ್ಣನ ಗುಡಿಗೆ ಬಂದಿದ್ವಿರಿ' ಎಂದೆ. 'ನಾವೂ ಗುಡಿಗೇ ಬಂದಿದ್ವಿರಿ' ಎಂದರು ಅವರು. ತಲೆ ಡಾಕ್ಟರ ಬಾಗಿಲಲ್ಲಿ ಚೀಟಿ ಹಿಡಿದು ಕೂತು ಇಬ್ಬರೂ ಗುಡಿಯ ಮಾತಾಡಿದೆವು. ಆಮೇಲೆ ಮೂರು ವರ್ಷ ತಿಂಗಳಿಗೊಮ್ಮೆ ಅದೇ ಬೆಂಚಿನ ಮೇಲೆ ಸಿಕ್ಕೆವು. 'ದರ್ಶನ ಆತೇನ್ರಿ?' ಎಂದು ಅವರು ಕೇಳುತ್ತಿದ್ದರು, 'ಇನ್ನೂ ಪಾಳಿ ಬಂದಿಲ್ರಿ' ಎಂದು ನಾನು ಹೇಳುತ್ತಿದ್ದೆ. ಅವರಿಗೆ ಏನಾಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಕಡೆ ಡಾಕ್ಟರ್ ಬಾಯಿ ಎಂದು ಕರೆಯುವ ಆ ಲೇಡಿ ಡಾಕ್ಟರು ಬೈಪೋಲಾರ್ ಎಂದು ಹೆಸರು ಹೇಳಿದರು. ಮನಸ್ಸು ಒಮ್ಮೆ ಮೇಲಕ್ಕೆ ಹಾರುತ್ತದೆ, ಒಮ್ಮೆ ಕೆಳಕ್ಕೆ ಕುಸಿಯುತ್ತದೆ, ಮೇಲಿದ್ದಾಗ ನಿದ್ದೆ ಬೇಡ, ಮಾತು ಹೆಚ್ಚು, ಆಸೆ ಹೆಚ್ಚು ಎಂದು ವಿವರಿಸಿದರು. ಆಸೆ ಎಂದಾಗ ಅವರು ಏನು ಹೇಳುತ್ತಿದ್ದಾರೆಂದು ಇಬ್ಬರಿಗೂ ತಿಳಿಯಿತು, ಇಬ್ಬರೂ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆವು. 'ಬೇರೆಯವರ ಕಡೆ ಮನಸ್ಸು ಹೋಗಿತ್ತೇನ್ರಿ?' ಎಂದು ಕೇಳಿದರು. ಪಕ್ಕದಲ್ಲೇ ನನ್ನ ಗಂಡ ಕೂತಿದ್ದರು. 'ಇಲ್ರಿ' ಎಂದೆ. ಅರ್ಧ ಸುಳ್ಳು. ಕಣ್ಣು ಹೋಗಿತ್ತು, ಕಾಲು ಹೋಗಿರಲಿಲ್ಲ. ಆ ಏರು ಇನ್ನೊಂದು ವಾರ ನಡೆದಿದ್ದರೆ ಕಾಲೂ ಹೋಗುತ್ತಿತ್ತೋ ಏನೋ, ಆಣೆ ಮಾಡಿ ಹೇಳಲಾರೆ.

ಗುಳಿಗೆ ಶುರುವಾಯಿತು. ನಾನು ಸಿಂದಗಿಗೆ ಮರಳಿದೆ, ಶಾಲೆಗೆ ಹೋದೆ. ಅವರು ಹಾಸಿಗೆಯನ್ನು ಅಂಗಡಿಯಿಂದ ತಂದರು. ಕುಬಸದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಬಯ್ದಿದ್ದರೆ ನಾನು ಕ್ಷಮೆ ಕೇಳುತ್ತಿದ್ದೆ. ಅವರು ಬಯ್ಯಲಿಲ್ಲ, ನಾನು ಕೇಳಲಿಲ್ಲ, ಹಾಗೇ ಉಳಿಯಿತು. ಒಂದೇ ಒಂದು ಬದಲಾಗಿತ್ತು. ನಾನು ಸ್ವಲ್ಪ ಜೋರಾಗಿ ನಕ್ಕರೆ, ಹೂವು ಮುಡಿದರೆ, ಚಹಾದ ಕಪ್ಪು ಕೊಡುವಾಗ ಕೈ ತಾಗಿಸಿದರೆ, ಅವರು ನನ್ನ ಮುಖ ನೋಡಿ, 'ಗುಳಿಗಿ ತಗೊಂಡಿ?' ಎನ್ನುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ನನಗೆ ಮಾತ್ರ ಕಪಾಳಕ್ಕೆ ಹೊಡೆದಷ್ಟು ಉರಿಯುತ್ತಿತ್ತು. ಕೈ ತಾಗಿಸುವುದನ್ನು ಬಿಟ್ಟೆ. ಹೂವು ಮುಡಿಯುವುದನ್ನೂ ಬಿಟ್ಟೆ.

ಬರಬರುತ್ತ ಬಿಡಲು ಏನೂ ಉಳಿಯಲಿಲ್ಲ. ಗುಳಿಗೆ ನನ್ನ ಮನಸ್ಸನ್ನು ಒಂದು ಮಟ್ಟಕ್ಕೆ ತಂದು ನಿಲ್ಲಿಸಿತು, ಅದಕ್ಕೆ ನಾನು ಋಣಿ. ಆದರೆ ಮೈಯಲ್ಲಿ ಆಸೆ ಎನ್ನುವುದು ಒಣಗಿಹೋಯಿತು. ಎಂಟು ತಿಂಗಳಾದ ಮೇಲೆ ಅವರ ಹೆದರಿಕೆ ಹೋಗಿ, ನನ್ನ ಹತ್ತಿರ ಬರಬೇಕೆಂದು ಅವರಿಗೆ ಅನ್ನಿಸತೊಡಗಿದಾಗ, ನನ್ನಲ್ಲಿ ಏನೂ ಇರಲಿಲ್ಲ. ಕಣ್ಣು ಮುಚ್ಚಿ ಮಲಗಿರುತ್ತಿದ್ದೆ. ಅವರಿಗೆ ಅದು ತಿಳಿಯುತ್ತಿತ್ತು. 'ಇರಲಿ ಬಿಡು' ಎಂದು ಆ ಕಡೆ ತಿರುಗುತ್ತಿದ್ದರು. ಹಿಂದೆ ನಾನು ಅವರನ್ನು ಮನುಷ್ಯರೆಂದು ನೋಡಿರಲಿಲ್ಲ, ಈಗ ನೋಡುತ್ತಲೇ ಇರಲಿಲ್ಲ. ತಿಂಗಳಿಗೊಮ್ಮೆ ಡಾಕ್ಟರ್ ಬಾಯಿ, 'ಮತ್ತೇನರ ತೊಂದರಿ ಐತೇನ್ರಿ?' ಎಂದು ಕೇಳುತ್ತಿದ್ದರು. ತುಂಬಿದ ಮನೆಯಲ್ಲಿ ಗಂಡನ ಕಣ್ಣೀರನ್ನು ಹಾಡಿ ಹೇಳಿದವಳು ನಾನು. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ಹೆಂಗಸು ಡಾಕ್ಟರಿಗೆ ಇದೊಂದನ್ನು ಹೇಳಲಾರದೆ ಮೂರು ವರ್ಷ, ತಿಂಗಳು ತಪ್ಪದೆ, 'ಏನಿಲ್ರಿ' ಎಂದೆ.

ಕಳೆದ ಚಳಿಗಾಲದ ಒಂದು ಭಾನುವಾರ ಅತ್ತೆ ಮುದ್ದೇಬಿಹಾಳಕ್ಕೆ ಮಗಳ ಮನೆಗೆ ಹೋಗಿದ್ದರು. ನನ್ನ ಗಂಡ ಅಂಗಡಿ ತೆಗೆಯಲಿಲ್ಲ. ಜಳಕ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಾನು ಜೋಳ ಹಸನು ಮಾಡುತ್ತ ಕೂತಲ್ಲಿಗೆ ಬಂದು ಎದುರಿಗೆ ಕೂತರು. ಮೊರದಲ್ಲಿದ್ದ ನನ್ನ ಕೈ ಮೇಲೆ ಕೈ ಇಟ್ಟರು. ನನಗೆ ತಿಳಿಯಿತು. ನಾನು ಮೆಲ್ಲಗೆ ಕೈ ತೆಗೆದು ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದೆ. ಅವರು ತಾವೂ ಒಂದೆರಡು ಹರಳು ಆರಿಸಿ, ಎದ್ದು ಹೋಗಿ ಇಸ್ತ್ರಿ ಅಂಗಿ ತೆಗೆದು ಅಂಗಡಿಯ ಹಳೆಯ ಅಂಗಿ ಹಾಕಿಕೊಂಡರು. ನನ್ನಂಥವಳಿಗೆ ಇಂಥ ಗಂಡ ಯಾಕೆ ಸಿಕ್ಕರು ಎಂದು ಸಿಟ್ಟು ಬಂತು, ಅವರ ಮೇಲೇ ಬಂತು. ಆ ದಿನದಿಂದ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಹೋಗಿ ಬಚ್ಚಲಿಗೆ ಉಗುಳತೊಡಗಿದೆ.

ನಾಲ್ಕೈದು ದಿನಕ್ಕೆ ಬಾಯಿಗೆ ರುಚಿ ಬಂದಂತಾಯಿತು. ಅವರ ಬೆನ್ನು ನೋಡಿದರೆ ಮುಟ್ಟಬೇಕೆನಿಸಿತು, ಮುಟ್ಟಿದೆ. ಎಳ್ಳಮಾವಾಸ್ಯೆ ಅದೇ ವಾರ ಬಂತು. ಬಳಗದವರ ಹೊಲಕ್ಕೆ ಹೋಗಿ, ಭೂತಾಯಿಗೆಂದು ಬೆಳೆಯ ನಡುವೆ ಅಡುಗೆಯ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಎಲ್ಲರೂ ಉಣ್ಣಲು ಕೂತಾಗ ಅವರು ನನ್ನ ತಾಟಿಗೆ ಸಜ್ಜೆ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟರು, ಯಾರಾದರೂ ನೋಡಿದರೋ ಎಂದು ಆಚೆ ಈಚೆ ಕಣ್ಣಾಡಿಸಿದರು. ನಾನು ನಕ್ಕೆ. ಅವರೂ ನಕ್ಕರು. ಆ ದಿನಗಳಲ್ಲಿ ನಾವು ಹೇಗಿದ್ದೆವು ಎನ್ನುವುದನ್ನು ಬರೆಯುವುದಿಲ್ಲ. ಮದುವೆಯಾದ ಹೊಸತರಲ್ಲಿಯೂ ಹಾಗೆ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ. ಅವರು ಮತ್ತೆ ಸಿಳ್ಳೆ ಹಾಕುತ್ತ ಅಂಗಡಿಗೆ ಹೋದರು. ನಾನು ಕದ್ದು ಮಾಡುತ್ತಿದ್ದೇನೆ ಎಂಬ ಅಳುಕು ಇತ್ತು, ಆದರೆ ಅವರ ಮುಖ ನೋಡಿ ಆ ಅಳುಕನ್ನು ನುಂಗಿಕೊಂಡೆ.

ಎರಡು ವಾರ ದಾಟುವಷ್ಟರಲ್ಲಿ ನಿದ್ದೆ ಕಡಿಮೆಯಾಯಿತು. ಮಾತಿಗೆ ವೇಗ ಬಂತು. ಭಾಂಡೆಗಳು ಮತ್ತೆ ಅಂಗಳಕ್ಕೆ ಬಂದವು. ಒಂದು ಬೆಳಿಗ್ಗೆ ಶಾಲೆಗೆ ಹೊರಟವಳು ಅರ್ಧ ದಾರಿಯಿಂದ ತಿರುಗಿ, ಅಂಗಡಿಯ ಕಡೆ ಹೊರಟೆ. ಅವರು ದೂರದಿಂದಲೇ ನನ್ನನ್ನು ನೋಡಿ ಕೆಲಸ ಬಿಟ್ಟು ಎದ್ದು ಬಂದರು. ಬೀದಿಯಲ್ಲೇ ನನ್ನ ಎರಡೂ ಕೈ ಹಿಡಿದು, 'ನಾಳೆ ಬಾಗೇವಾಡಿಗೆ ಡಾಕ್ಟರ್ ಬರೂ ದಿನ. ಹೋಗೂಣು' ಎಂದರು. 'ನನಗೇನಾಗೇತಿ?' ಎಂದು ಜಗಳ ತೆಗೆದೆ. 'ಏನಾಗಿಲ್ಲ, ಆದರೂ ಹೋಗೂಣು' ಎಂದರು. ಕೈ ಬಿಡಲಿಲ್ಲ.

ಡಾಕ್ಟರ್ ಬಾಯಿ ನನ್ನ ಮಾತಿನ ಓಟ ಕೇಳಿಯೇ ಪೆನ್ನು ಕೆಳಗಿಟ್ಟರು. 'ಗುಳಿಗಿ ಬಿಟ್ಟು ಎಷ್ಟ ದಿನ ಆತ್ರಿ?'

'ನಾಕ ದಿನ ಆತ್ರಿ, ಮರ್ತಿದ್ನಿ' ಎಂದೆ.

'ಹತ್ತೊಂಬತ್ತ ದಿನ ಆತ್ರಿ' ಎಂದರು ನನ್ನ ಗಂಡ.

ನಾನು ತಿರುಗಿ ನೋಡಿದೆ. ಅವರು ತಮ್ಮ ಕೈಗಳನ್ನು ನೋಡುತ್ತಿದ್ದರು. 'ಮೊದಲನೇ ದಿನಾನ ಬಚ್ಚಲ ಜಾಳಗಿಯೊಳಗ ಸಿಕ್ಕಿತ್ರಿ. ದಿನಾ ನೋಡತಿದ್ನಿ' ಎಂದರು.

'ಗೊತ್ತಿದ್ದೂ ಸುಮ್ಮನಿದ್ರೇನು?' ಎಂದು ಡಾಕ್ಟರ್ ಬಾಯಿ ಕೇಳಿದರು. ಅವರ ದನಿಯಲ್ಲಿ ಸಿಟ್ಟಿತ್ತು.

ಹದಿನೇಳು ವರ್ಷದ ಸಂಸಾರದಲ್ಲಿ ಅವರು ಒಳಗಿನ ಮಾತನ್ನು ಹೊರಗಿನವರ ಮುಂದೆ ಆಡಿದ್ದು ಅದೊಂದೇ ಸಲ. 'ತಪ್ಪಾತ್ರಿ. ಆಕಿ ನನ್ನ ಕಡೆ ನೋಡಿ ಮೂರ ವರ್ಷ ಆಗಿತ್ರಿ. ಇನ್ನೊಂದ ದಿನ ಇರ್ಲಿ, ನಾಳೆ ಹೇಳೂಣು, ನಾಳೆ ಹೇಳೂಣು ಅಂತ ಬಿಟ್ನಿರಿ' ಎಂದರು. ಕಿವಿಯವರೆಗೂ ಕೆಂಪಾಗಿದ್ದರು.

ಡಾಕ್ಟರ್ ಬಾಯಿಯ ಸಿಟ್ಟು ಇಳಿಯಿತು. 'ಇದನ್ನ ಮೊದಲs ಹೇಳಬೇಕಾಗಿತ್ತಲ್ರಿ ಇಬ್ಬರೂ. ಗುಳಿಗಿ ಬದಲಿ ಮಾಡಿ ನೋಡಬಹುದಿತ್ತು, ಪ್ರಮಾಣ ತಗ್ಗಿಸಿ ನೋಡಬಹುದಿತ್ತು. ಎಷ್ಟೋ ಮಂದಿಗೆ ಇದು ಆಗ್ತೈತಿ. ತಾವಾಗೇ ಬಿಡೂದು ಮಾತ್ರ ಎಂದೂ ಮಾಡಬ್ಯಾಡ್ರಿ' ಎಂದು ಹೊಸ ಚೀಟಿ ಬರೆದರು, ಹದಿನೈದು ದಿನಕ್ಕೇ ವಿಜಯಪುರದ ತಮ್ಮ ದವಾಖಾನೆಗೆ ಬಂದು ತೋರಿಸಲು ಹೇಳಿದರು. ಒಂದೇ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತಿಗೆ ನಾವು ಮೂರು ವರ್ಷ ತೆತ್ತಿದ್ದೆವು.

ಬಸ್ ಸ್ಟ್ಯಾಂಡಿನಲ್ಲಿ ಸಿಂದಗಿಯ ಬಸ್ಸಿಗೆ ಕಾಯುತ್ತ ಕಲ್ಲು ಬೆಂಚಿನ ಮೇಲೆ ಕೂತೆವು. ನನ್ನ ತಲೆಯೊಳಗೆ ಇನ್ನೂ ಓಟ ನಿಂತಿರಲಿಲ್ಲ, ಆದರೂ ಅವರು ಕೇಳಿದ್ದು ಸರಿಯಾಗಿ ನೆನಪಿದೆ. 'ಒಂದ ಕೇಳ್ತೇನಿ, ಖರೇ ಹೇಳು' ಎಂದರು. 'ಆ ಹತ್ತೊಂಬತ್ತ ದಿನದಾಗ ನನ್ನ ಕೂಡ ನೀ ಎಷ್ಟ ದಿನ ಇದ್ದಿ? ರೋಗ ಎಷ್ಟ ದಿನ ಇತ್ತು?'

ನಾನು ಅವರ ಮುಖ ನೋಡಿದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಕ್ಕಳ ಮುಖ ನನಗೆ ಗೊತ್ತು, ಹಾಗೆ ಇತ್ತು. 'ಮೊದಲಿನ ಹತ್ತ ದಿನ ನಾನs ಇದ್ನಿರಿ' ಎಂದೆ.

'ಹತ್ತ?' ಎಂದರು.

'ಹೂಂರಿ, ಹತ್ತ ದಿನ.'

ಬಸ್ಸು ಬಂದಾಗ ಅವರು ಜನರ ನಡುವೆ ನುಗ್ಗಿ, ಕಿಟಕಿಯಿಂದ ಟಾವೆಲು ಒಗೆದು ಇಬ್ಬರಿಗೂ ಸೀಟು ಹಿಡಿದರು. ಹತ್ತು ಎನ್ನುವುದು ನನಗೆ ಎಲ್ಲಿಂದ ಹೊಳೆಯಿತೋ. ಯಾವ ದಿನದವರೆಗೆ ನಾನಿದ್ದೆ, ಯಾವ ದಿನದಿಂದ ಅದು ಶುರುವಾಯಿತು ಎಂದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಒಂದು ದಿನವೂ ನಾನಿರಲಿಲ್ಲವೋ ಏನೋ. ಹೊಸ ಗುಳಿಗೆಯ ಮೇಲೆ ಈಗ ಏಳು ತಿಂಗಳು. ಮೈ ಪೂರ್ತಿ ಒಣಗಿಲ್ಲ, ಪೂರ್ತಿ ಹಸಿಯೂ ಇಲ್ಲ. ಅವರು ಅವಸರ ಮಾಡುವುದಿಲ್ಲ. ಆ ಹತ್ತು ದಿನ ನಿಜವಾಗಿದ್ದವಲ್ಲ, ಮತ್ತೆ ಬರುತ್ತವೆ ಎಂದು ನಂಬಿಕೊಂಡಿದ್ದಾರೆ.

ಬರೆದದ್ದನ್ನು ಅವರಿಗೆ ಓದಿ ಹೇಳದೆ ಹೊರಗೆ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ ಓದತೊಡಗಿದೆ. ಕುಬಸದ್ದನ್ನು ಓದುವಾಗ ಅವರು ಕೈಯಲ್ಲಿದ್ದ ತಂತಿಯ ಸುತ್ತು ನಿಲ್ಲಿಸಿ ಕೂತರು, ಬೇಡ ಎನ್ನಲಿಲ್ಲ. ಭಾನುವಾರದ್ದು ಓದಿದೆ, ಬಚ್ಚಲಿನದು ಓದಿದೆ, ಡಾಕ್ಟರ ಮುಂದೆ ಅವರು ಆಡಿದ ಮಾತನ್ನೂ ಓದಿದೆ. 'ಹೂಂ, ಹಿಂಗs ಆಗಿತ್ತು' ಎಂದರು. ಆ ಹತ್ತು ದಿನದ ಮಾತಿದ್ದ ಕೊನೆಯ ಹಾಳೆ ಕೈಯಲ್ಲಿ ಉಳಿದಿತ್ತು. ಅದನ್ನು ಮಡಚಿ ಬ್ಯಾಗಿನೊಳಗೆ ಹಾಕಿಕೊಂಡು, 'ಇಷ್ಟs ರಿ, ಮುಗೀತು' ಎಂದೆ.